ಸಂದು ಬಿಟ್ಟು ಕಟ್ಟಿದ ದೋಣಿ

ಮೊನ್ನೆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ನನ್ನ ಮಗಳ ಮಗಳು! ಬರೆಯುತ್ತಾ ಕೂತರೆ ಅಕ್ಷರಗಳೆಲ್ಲ ಸಾಲು ಬಿಟ್ಟು ಕುಣಿಯುತ್ತವೆ. ಕುಣಿಯಲಿ ಬಿಡಿ, ಮನೆಯಲ್ಲಿ ಕುಣಿಯದವರು ಯಾರಿದ್ದಾರೆ ಈಗ. ಮೂಗು ಅಜ್ಜನದು, ಹಣೆ ಅವಳಮ್ಮನದು, ಅಳು ಮಾತ್ರ ನನ್ನದೇ ಅಂತೆ. ಹಾಗಂತ ನಮ್ಮ ಯಜಮಾನರೇ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಬಂದವರು ಮಗುವನ್ನು ನೋಡಿ ಹಿಗ್ಗಿದರು, ತೊಟ್ಟಿಲನ್ನು ನೋಡಿ ಮುಖ ಸಣ್ಣ ಮಾಡಿದರು. ಬಣ್ಣವಿಲ್ಲ, ಗಿಳಿಯ ಗೊಂಬೆಯಿಲ್ಲ, ಸಾಲದ್ದಕ್ಕೆ ಹಲಗೆ ಹಲಗೆಯ ನಡುವೆ ಸಂದು. ಬೀಗಿತ್ತಿ ತಡೆಯಲಾರದೆ ಕೇಳಿಯೇ ಬಿಟ್ಟರು.

"ಏನ್ರಮ್ಮ, ಆಚಾರ್ರ ಮನೇಲಿ ಹಿಂಗೆ ಸಂದು ಬಿದ್ದಿರೋ ತೊಟ್ಲಾ?"

"ಬಿದ್ದಿಲ್ಲ ಕಣ್ರಿ, ಬೇಕಂತಲೇ ಬಿಟ್ಟಿರೋದು. ಆ ಹಲಗೆ ಮೇಲೆ ನಿಮ್ಮ ಸೊಸೆ ಮಾರಿಕಣಿವೆ ನೀರು ದಾಟಿದಾಳೆ" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ಮಗಳು ನನ್ನ ಮುಖ ನೋಡಿ ನಕ್ಕಳು. ಅವಳಿಗೆ ಆ ದಿನದ ನೆನಪು ಅರ್ಧಂಬರ್ಧ. ನನಗೆ ಹಾಗಲ್ಲ.

ಎಪ್ಪತ್ತರ ದಶಕದ ಮಾತು. ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ನಮ್ಮ ಕೈಗೆ ದಕ್ಕಿರಲಿಲ್ಲವಾದ್ದರಿಂದ ಇವಳು ಬಾಗಿಲು ದಾಟಿ ಅಂಗಳಕ್ಕೆ ಹೋದರೂ ನನ್ನ ಕಣ್ಣು ಹಿಂದೆಯೇ ಹೋಗುತ್ತಿತ್ತು. ಆಗ ನಾವು ಬಬ್ಬೂರಿನ ಹತ್ತಿರ ರಸ್ತೆಯ ಪಕ್ಕದಲ್ಲಿದ್ದೆವು. ಮನೆಯ ಮುಂದೆಯೇ ಕೆಲಸದ ಚಪ್ಪರ. ಮಾವನವರು ಗಾಡಿ ಕಟ್ಟುವುದರಲ್ಲಿ ಹೆಸರು ಮಾಡಿದವರು. ಹೊಸದುರ್ಗದ ಕಡೆಯಿಂದಲೂ ಗಾಲಿ ಮಾಡಿಸಲು ಬರುತ್ತಿದ್ದರು. ಆದರೆ ಅಷ್ಟರಲ್ಲಾಗಲೇ ಟೈರಿನ ಗಾಡಿ ಬಂದಿತ್ತು. ಮರದ ಗಾಲಿ ಕೇಳುವವರು ಒಬ್ಬೊಬ್ಬರೇ ಕಡಿಮೆಯಾಗುತ್ತಿದ್ದರು. ನಮ್ಮ ಯಜಮಾನರು ಉಳಿ ಮಸೆಯುತ್ತಾ ರಸ್ತೆ ನೋಡಿಕೊಂಡು ಕೂರುವ ದಿನಗಳು ಅವು.

ಅಂಥ ಒಂದು ದಿನ ಮಾರಿಕಣಿವೆ ಅಣೆಕಟ್ಟೆಯ ಹಿನ್ನೀರಿನ ಬೆಸ್ತರ ಹಿರಿಯ ಚಪ್ಪರಕ್ಕೆ ಬಂದ. ತುಂಗಭದ್ರೆಯ ಕಡೆ ಇದ್ದು ಬಂದವನು, ಹಾಯಿಯ ದೋಣಿ ನಡೆಸಿ ಗೊತ್ತಿದ್ದವನು.

"ಆಚಾರ್ರೆ, ನಮಗೊಂದು ಹಾಯಿದೋಣಿ ಬೇಕಲ್ಲ" ಅಂದ.

ಮಾವ ಎಲೆಯಡಿಕೆ ಬಾಯಲ್ಲೇ ನಕ್ಕರು. "ಏನಪ್ಪ, ಬಯಲುಸೀಮೇಲಿ ಹಡಗು ಕೇಳ್ತೀಯಲ್ಲ! ನಮ್ಮ ಕೈಗೆ ಗೊತ್ತಿರೋದು ಗಾಡಿ, ನೇಗಿಲು, ಹೊಸ್ತಿಲು."

"ಹಡಗಲ್ಲ ಸ್ವಾಮಿ. ಹರಿಗೋಲು ಗಾಳಿಗೆ ಬುಗುರಿ ಥರ ತಿರುಗ್ತೈತೆ. ಬಲೆ ಒಂದು ದಿಕ್ಕು, ನಾವೊಂದು ದಿಕ್ಕು. ರಟ್ಟೆ ಬಿದ್ದೋಗ್ಯಾವೆ. ಗಾಳಿ ಬಿಟ್ಟಿ ಬೀಸ್ತೈತೆ, ಅದ್ರ ಕೈಲಿ ಕೆಲಸ ಮಾಡ್ಸಾಣ ಅಂತ. ಆದ್ರೆ ಒಂದು ಮಾತು. ಬೇಸಿಗೇಲಿ ನೀರು ಹಿಂದಕ್ಕೋಗಿ ಮೊಣಕಾಲುದ್ದ ಕೆಸರು ಬಿಡ್ತೈತೆ. ಇಬ್ರು ಹೆಗಲ ಮ್ಯಾಲೆ ಹೊತ್ಕಂಡು ಆ ಕೆಸರು ದಾಟಬೇಕು. ಅಷ್ಟು ಹಗುರ ಇರ್ಬೇಕು."

ಮಾವ ಬೇಡವೆನ್ನುವ ಮೊದಲೇ ನಮ್ಮ ಯಜಮಾನರು "ಮಾಡ್ಕೊಡ್ತೀವಿ" ಅಂದುಬಿಟ್ಟರು. ಒಲೆಯ ಮುಂದೆ ಕೂತು ಕೇಳಿಸಿಕೊಂಡ ನನಗೂ ಖುಷಿಯೇ ಆಯಿತು. ಚಪ್ಪರದಲ್ಲಿ ಮತ್ತೆ ಸದ್ದು ಕೇಳಬಹುದಲ್ಲ ಅಂತ.

ಮರ ಆರಿಸುವುದೇ ದೊಡ್ಡ ಕೆಲಸವಾಯಿತು. ಗಾಡಿಗೆ ಜಾಲಿ, ಹೊನ್ನೆ, ಮತ್ತಿ. ಭಾರವಿದ್ದಷ್ಟೂ ಗಟ್ಟಿ ಅನ್ನುವುದು ನಮ್ಮ ಮನೆಯ ಪಾಠ. ಈಗ ಹಗುರವಿದ್ದೂ ಗಟ್ಟಿಯಿರಬೇಕು. ಯಜಮಾನರು ಸಿಕ್ಕಸಿಕ್ಕ ಮರದ ತುಂಡುಗಳನ್ನು ತಂದು ನನ್ನ ನೀರಿನ ಹಂಡೆಗೆ ಹಾಕಿದರು. ಜಾಲಿ ಕಲ್ಲಿನ ಹಾಗೆ ತಳ ಸೇರಿತು. ಬೂರುಗ ಬೆಂಡಿನಂತೆ ತೇಲಿತು, ಎಲ್ಲರೂ ಇದೇ ಸರಿ ಅಂದುಕೊಂಡೆವು. ಮಾರನೆಯ ದಿನ ನೋಡಿದರೆ ನೀರು ಹೀರಿ ನೆನೆದ ರೊಟ್ಟಿಯಂತಾಗಿತ್ತು. ಮಾವಿನ ತುಂಡು ನಾತ ಹಿಡಿಯಿತು. ತೇಗ ಚೆನ್ನಾಗಿತ್ತು, ಆದರೆ ಇಬ್ಬರು ಹೊರುವಷ್ಟು ಹಗುರವಲ್ಲ. ಕೊನೆಗೆ ನಿಂತದ್ದು ಹೆಬ್ಬೇವು. ಅರ್ಧ ಮುಳುಗಿ ಅರ್ಧ ತೇಲಿಕೊಂಡು ಕೂತಿತ್ತು. ಹೊರಗೆ ತೆಗೆದು ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ಒಣಗಿ ಟಣ್ ಅನ್ನುತ್ತಿತ್ತು. ಹಂಡೆಯ ನೀರು ಮಾತ್ರ ದನಕ್ಕೂ ಬೇಡವಾಯಿತು.

ಹೊರಕೆರೆದೇವಪುರದ ಹತ್ತಿರ ಒಬ್ಬರ ತೆಂಗಿನ ತೋಟದ ಅಂಚಿನಲ್ಲಿ ನೆಟ್ಟಗೆ ಬೆಳೆದ ಒಂದು ಹೆಬ್ಬೇವು ಸಿಕ್ಕಿತು. ಗಾಡಿಯಲ್ಲಿ ಅದರ ದಿಮ್ಮಿ ಬಂದಿಳಿದ ದಿನ ಮಾವನವರು ಅರಿಶಿನ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು, ನನ್ನ ಮಗಳನ್ನು ಎತ್ತಿ ದಿಮ್ಮಿಯ ಮೇಲೆ ಕೂರಿಸಿದರು.

"ಈಗ ಇಲ್ಲಿ ಕುಂತ್ಕಂಡಿದೀಯ, ಆಮ್ಯಾಲೆ ನೀರ ಮ್ಯಾಲೆ ಕುಂತ್ಕಬೇಕು ನೀನು, ತಿಳೀತಾ?"

ಆರತಿ ಮುಗಿದದ್ದೇ ಮಗಳನ್ನು ದಿಮ್ಮಿಯಿಂದ ಇಳಿಸಿಕೊಂಡೆ.

ನಮ್ಮಲ್ಲಿ ಒಂದು ಪದ್ಧತಿ. ಹೊಸ ಗಾಡಿ ಕಟ್ಟಿದರೆ ಕೊಂಡವರಿಗೆ ಕೊಡುವ ಮುಂಚೆ ಆಚಾರಿಯ ಮನೆಯ ಮಗು ಮೊದಲು ಅದರ ಮೇಲೆ ಕೂತು ಒಂದು ಸುತ್ತು ಬರಬೇಕು. ಕಟ್ಟಿದವನಿಗೆ ತನ್ನ ಕೆಲಸದ ಮೇಲೆ ನಂಬಿಕೆಯಿದೆ ಅಂತ ಅದರರ್ಥ. ನಮ್ಮ ಯಜಮಾನರೂ ಚಿಕ್ಕವರಿದ್ದಾಗ ಹಾಗೆ ಎಷ್ಟೋ ಗಾಡಿಗಳ ಮೇಲೆ ಕೂತವರೇ. ಗಾಡಿಯಾದರೆ ಸರಿ. ಅಚ್ಚು ಮುರಿದರೆ ಮಗು ಮಣ್ಣಿಗೆ ಬೀಳುತ್ತದೆ, ಎತ್ತಿಕೊಂಡರೆ ಆಯಿತು. ನೀರಿಗೆ ಬಿದ್ದರೆ?

ರಾತ್ರಿ ಊಟಕ್ಕೆ ಬಡಿಸುವಾಗ ಯಜಮಾನರಿಗೆ ಹೇಳಿದೆ. "ಮಗೂನ ಕೂರ್ಸೋದು ಬ್ಯಾಡ."

"ಕೂರ್ಸದಿದ್ರೆ ಬೆಸ್ತರು ಮುಟ್ತಾರೇನೇ? ಆ ಹಿರಿಯ ನಮ್ಮ ಪದ್ಧತಿ ಕೇಳ್ಕಂಡು ಬಂದಾನೆ. ಮಗು ಕೂತ್ರೆ ತಗಂತೀನಿ ಅಂದಾನೆ" ಎಂದರು. ಅವರೂ ಮುದ್ದೆ ಮುರಿಯಲಿಲ್ಲ, ಬರೀ ಸಾರು ಕಲೆಸುತ್ತಾ ಕೂತಿದ್ದರು.

ಅಲ್ಲಿಂದ ಆ ಚಪ್ಪರದಲ್ಲಿ ಬಿದ್ದ ಪ್ರತಿ ಉಳಿ ಪೆಟ್ಟೂ ನನ್ನ ಎದೆಗೇ ಬಿದ್ದ ಹಾಗೆ.

ಬೇಗ ಆಗಲಿ ಅಂತ ಅರ್ಧ ದಿಮ್ಮಿಯನ್ನು ಹಿರಿಯೂರಿನ ಒಂದು ಸಾಮಿಲ್ಲಿಗೆ ಹಾಕಿಸಿದರು. ದೊಡ್ಡ ಚಕ್ರದ ಗರಗಸ, ಅರಚಿಕೊಂಡು ಹೋಯಿತು, ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಹಲಗೆ ಸೀಳಿಕೊಟ್ಟರು. ಮನೆಗೆ ತಂದು ಒಣಗಲು ಬಿಟ್ಟರೆ ಕೆಲವು ಹಲಗೆ ಹಪ್ಪಳದಂತೆ ಮಗ್ಗುಲು ಎತ್ತಿದವು. ಉಳಿದ ಕೆಲಸ ಕೆಟ್ಟೀತು ಅಂತ ಮಾವನವರು ಅವನ್ನು ಕೀಸುಳಿ ಹಿಡಿದು ಉಜ್ಜಿ ಉಜ್ಜಿ ಸಮ ಮಾಡಿದರು. ತಳದ ಉದ್ದಕ್ಕೂ ಹೋಗುವ ಬೆನ್ನುಮರಕ್ಕೆ ತೇಗ, ಪಕ್ಕೆಲುಬುಗಳಿಗೆ ತಾನಾಗಿ ಬಾಗಿ ಬೆಳೆದ ಬೇವಿನ ಕೊಂಬೆ. ಅದರ ಮೇಲೆ ಹಲಗೆ ಜೋಡಿಸಿ ತಾಮ್ರದ ಮೊಳೆ ಹೊಡೆದರು.

ಜೋಡಣೆ ಅಂದರೆ ಏನು ಜೋಡಣೆ! ಎರಡು ಹಲಗೆ ಎಲ್ಲಿ ಸೇರುತ್ತವೆಂದು ಕಣ್ಣಿಗೆ ಕಾಣುತ್ತಿರಲಿಲ್ಲ. ನೋಡಲು ಬಂದ ಬೆಸ್ತರ ಹಿರಿಯ ಮಾತ್ರ ಉಗುರಿನಲ್ಲಿ ಗೀರಿ ನೋಡಿ, "ಸಂದೇ ಇಲ್ವಲ್ಲ ಸ್ವಾಮಿ?" ಅಂದ.

"ಇರುವೆ ಕಾಲು ನುಗ್ಗಲ್ಲ ಅದ್ರಾಗೆ" ಅಂದರು ಮಾವ.

"ಅದಕ್ಕೇ ಕೇಳ್ದೆ. ಮರ ನೀರು ಕುಡಿದು ಊದ್ತೈತಲ್ಲ."

"ಊದ್ಲಿ! ಬೇಸಿಗೇಲಿ ನಮ್ಮ ಗಾಲಿ ಸಡ್ಲಾದ್ರೆ ಕೆರೇಲಿ ನೆನೆಹಾಕ್ತೀವಿ. ಊದಿದಷ್ಟೂ ಬಿಗಿ. ನೀನು ಮೀನು ಹಿಡಿ ಹೋಗಪ್ಪ."

ಹಿರಿಯ ತಲೆ ಕೆರೆದುಕೊಂಡ. ತುಂಗಭದ್ರೆಯ ದೋಣಿಗಳನ್ನು ಅವನು ನಡೆಸಿದ್ದನೇ ಹೊರತು ಕಟ್ಟಿದವನಲ್ಲ. ಆಚಾರಿಯ ಮಾತಿಗೆ ಎದುರು ಹೇಳುವ ಧೈರ್ಯ ಬರಲಿಲ್ಲ. ಯಜಮಾನರು ಅಪ್ಪನ ಮುಖ ನೋಡಿದರು, ಅವನ ಮುಖ ನೋಡಿದರು, ಮತ್ತೆ ಮೊಳೆ ಎತ್ತಿಕೊಂಡರು. ಹೊತ್ತು ತಂದ ಹಾಯಿಬಟ್ಟೆಯನ್ನು ಹಿರಿಯ ಚಪ್ಪರದ ಮೂಲೆಯಲ್ಲಿಟ್ಟು ಹೋದ. ಬರುವ ಸೋಮವಾರ ದೋಣಿ ನೀರಿಗಿಳಿಯುವುದು ಅಂತಾಯಿತು.

ಮಾವನವರ ಎದುರು ನಿಂತು ಮಾತಾಡಿದವಳಲ್ಲ ನಾನು. ಅವತ್ತು ಬಾಗಿಲ ಮರೆಯಲ್ಲೇ ನಿಂತು ಹೇಳಿದೆ.

"ಮಾವ, ಗಾಲಿಗೆ ನೀರು ಕುಡಿಸ್ತೀರಲ್ಲ, ದೋಣಿಗೂ ಕುಡಿಸ್ಬಾರ್ದಾ? ಊರ ಕೆರೇಲಿ ನೆನೆಹಾಕಿ, ಬಿಗಿಯಾದ ಮ್ಯಾಲೆ ಮಗೂನ ಕೂರ್ಸಾಣ."

ನನಗೆ ಮರದ ಬಗ್ಗೆ ಏನೂ ತಿಳಿದಿರಲಿಲ್ಲ. ಬೇಕಾಗಿದ್ದದ್ದು ಸೋಮವಾರ ತಪ್ಪುವುದಷ್ಟೇ. ಆದರೆ ಮಾತು ಅವರಿಗೆ ಹಿಡಿಸಿತು. "ನೋಡ್ಲೇ, ನಿನ್ನ ಹೆಂಡ್ತಿ ಆಚಾರ್ರ ಮನೆ ಸೊಸೆ ಆದ್ಲು ಇವತ್ತು!" ಅಂತ ಮಗನಿಗೆ ಹಂಗಿಸಿದರು. ದೋಣಿಯನ್ನು ಹೊತ್ತುಕೊಂಡು ಹೋಗಿ ಕೆರೆಯಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟರು.

ಒಂದೆರಡು ದಿನ ಕಳೆದಿರಬೇಕು, ಅದೇ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ, ಮಗಳು ದಡದಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದಳು. ನೀರೊಳಗಿಂದ ಟಪ್ ಅಂತ ಸದ್ದು ಬಂತು. ಮೀನಿರಬೇಕು ಅಂದುಕೊಂಡೆ. ಮತ್ತೆ ಟಪ್. ಒಂದು ಹಲಗೆ ನೀರು ಸೀಳಿಕೊಂಡು ಮೇಲೆದ್ದಿತು, ತುದಿಯಲ್ಲಿ ತಾಮ್ರದ ಮೊಳೆಗಳು ಹಲ್ಲಿನ ಹಾಗೆ. ಒಗೆಯುವ ಬಟ್ಟೆ ಅಲ್ಲೇ ಬಿಟ್ಟು ಮಗಳನ್ನು ಎತ್ತಿಕೊಂಡು ಓಡಿದೆ. ದೋಣಿ ಒಡೆದದ್ದು ಊರ ಕೆರೆಯಲ್ಲಿ, ಮಗು ನನ್ನ ಸೊಂಟದ ಮೇಲಿತ್ತು, ಆದರೂ ಮಾರಿಕಣಿವೆಯ ನಡುನೀರಿನಿಂದ ಎತ್ತಿಕೊಂಡು ಬಂದವಳ ಹಾಗೆ ಮನೆ ಮುಟ್ಟುವವರೆಗೂ ಅವಳನ್ನು ಕೆಳಗಿಳಿಸಲಿಲ್ಲ.

ಎತ್ತಿ ತಂದು ನೋಡಿದರೆ ಹಲಗೆಗಳು ಊದಿ, ಒಂದನ್ನೊಂದು ನೂಕಿ, ಪಕ್ಕೆಲುಬಿನಿಂದ ಕಿತ್ತುಕೊಂಡು ಬಂದಿದ್ದವು. ಮಾವನವರು ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದರು. ಅವರು ಅಂದದ್ದು ಇಷ್ಟೇ: "ಗಾಲಿಗೆ ಸುತ್ತ ಕಬ್ಬಿಣದ ಪಟ್ಟೆ ಇರ್ತೈತೆ. ಊದಿದ್ನ ಅದು ಹಿಡ್ಕಂತೈತೆ. ಇದಕ್ಕೆ ಪಟ್ಟೆ ಎಲ್ಲೈತೆ?" ಆಮೇಲೆ ಹೋಗಿ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಚಪ್ಪರದ ಕಡೆ ತಿರುಗಲಿಲ್ಲ.

ಯಜಮಾನರು ಮುರಿದ ದೋಣಿಯ ಮುಂದೆ ಕುಕ್ಕರಗಾಲಲ್ಲಿ ಕೂತವರು ಏಳಲಿಲ್ಲ. ಊಟಕ್ಕೆ ಕರೆಯಲು ಹೋದರೆ, "ಬಾರೇ ಇಲ್ಲಿ, ಇದ್ನ ನೋಡು" ಅಂದರು.

ಹೆಚ್ಚಿನ ಹಲಗೆಗಳು ಕಿತ್ತು ಬಂದಿದ್ದರೂ ಎರಡು ಮಾತ್ರ ಜಾಗ ಬಿಟ್ಟಿರಲಿಲ್ಲ. ಅವೆರಡೂ ದಿಮ್ಮಿಯ ನಡುಮಧ್ಯದಿಂದ ಬಂದವು. ಬಿಸಿಲಿಗೆ ಹಪ್ಪಳವಾಗದೆ ಉಳಿದವೂ ಅವೇ. ತುದಿಯಲ್ಲಿ ನೋಡಿದರೆ ಮರದ ವರ್ಷದ ಸುತ್ತುಗಳು ಅವುಗಳಲ್ಲಿ ಬಾಚಣಿಗೆ ಹಲ್ಲಿನ ಹಾಗೆ ನೆಟ್ಟಗೆ ನಿಂತಿದ್ದವು. ಮಿಕ್ಕವುಗಳಲ್ಲಿ ಸುತ್ತುಗಳು ಬಿಲ್ಲಿನ ಹಾಗೆ ಅಡ್ಡ ಮಲಗಿದ್ದವು.

"ಗೆರೆ ನಿಂತಿರೋದು ಕಡಿಮೆ ಊದ್ತೈತೆ ಕಣೆ. ಉಳಿದ ಅರ್ಧ ದಿಮ್ಮೀನ ಹೋಳು ಮಾಡಿ, ತಿರುಳಿಂದ ತೊಗಟೆ ಕಡೆಗೆ ಸೀಳಿದ್ರೆ ಎಲ್ಲಾ ಹಲಗೆನೂ ಹಿಂಗೇ ಬರ್ತಾವೆ."

ಸಾಮಿಲ್ಲಿನವರನ್ನು ಕೇಳಿದರೆ, ಹಾಗೆ ತಿರುತಿರುಗಿಸಿ ಕೊಯ್ಯಲು ಹೊತ್ತಿಲ್ಲ, ಚಕ್ರದ ಗರಗಸವೂ ದಪ್ಪ, ಅರ್ಧ ಮರ ಪುಡಿಯಾಗುತ್ತದೆ ಅಂದರು. ಇದ್ದದ್ದು ನಮ್ಮ ಹಳೆಯ ಗುಂಡಿ ಗರಗಸ. ಗುಂಡಿಯ ಮೇಲೆ ದಿಮ್ಮಿ, ದಿಮ್ಮಿಯ ಮೇಲೆ ಒಬ್ಬರು, ಗುಂಡಿಯೊಳಗೆ ಒಬ್ಬರು. ಕೆಳಗೆ ಯಾವಾಗಲೂ ಇಳಿಯುತ್ತಿದ್ದವರು ಮಾವನವರು. ಈಗ ಅವರು ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ನಾನು ಇಳಿದೆ. ಯಜಮಾನರು ಬೇಡ ಅಂದರು, ನಾನು ಸೆರಗನ್ನು ತಲೆಗೆ ಬಿಗಿದುಕೊಂಡೆ. ದಾರಿಯಲ್ಲಿ ಹೋಗುವ ಹೆಂಗಸರು ಬಗ್ಗಿ ನೋಡಿ, "ಏನೇ, ಗಂಡನ್ನ ಮ್ಯಾಲೆ ಕೂರ್ಸಿ ನೀನು ಗುಂಡಿಗೆ ಬಿದ್ಯಾ?" ಅಂತ ನಕ್ಕರು. "ಬಾರೆ, ಇನ್ನೊಂದು ಹಿಡಿ ಐತೆ ಎಳಿ" ಅಂದೆ.

ಮೇಲಿದ್ದವರು ಗೆರೆ ನೋಡಿಕೊಂಡು ಗರಗಸ ಎತ್ತುತ್ತಾರೆ ಅಷ್ಟೇ. ಮರ ಕೊಯ್ಯುವುದು ಕೆಳಗಿನವರು ಎಳೆದಾಗ. ಅದು ನನಗೆ ಅವತ್ತೇ ತಿಳಿದದ್ದು. ಕಣ್ಣಿಗೆ, ಬಾಯಿಗೆ, ರವಿಕೆಯೊಳಗೆಲ್ಲ ಪುಡಿ. ಒಂದು ಹಲಗೆ ಬಿಡಿಸಿ ಕೆಳಗಿಳಿಸಿದರು. ಹಿಡಿದು ನೋಡಿದೆ. ನನ್ನ ಕಿರುಬೆರಳ ದಪ್ಪ.

"ಇಷ್ಟು ತೆಳ್ಳಗೇನ್ರಿ? ನನ್ನ ಮಗಳಿಗೂ ನೀರಿಗೂ ನಡುವೆ ಇಷ್ಟೇನಾ?"

"ದಪ್ಪ ಮಾಡಿದ್ರೆ ಇಬ್ರು ಹೊರಾಕಾಗಲ್ಲ."

"ಹೊರ್ದಿದ್ರೆ ಬಿಡ್ಲಿ!"

ಅವರು ಮೇಲಿಂದ ಬಗ್ಗಿ ನನ್ನನ್ನು ನೋಡಿದರು. ಪುಡಿ ಮೆತ್ತಿದ ನನ್ನ ಮುಖದ ಮೇಲೆ ಕಣ್ಣೀರು ಎರಡು ಗೆರೆ ಇಳಿದಿತ್ತಂತೆ. ಆಮೇಲೆ ಯಾವಾಗಲೋ ಹೇಳಿದರು. ಆಗ ಹೇಳಿದ್ದು ಬೇರೆ. "ನೀನು ಎಳಿ. ಗಂಟು ಸಿಕ್ಕಿದ್ರೆ ಕೈಗೆ ಗೊತ್ತಾಗ್ತೈತೆ. ಗಂಟಿರೋ ಹಲಗೆ ಒಂದೂ ಬ್ಯಾಡ. ನೀನು ಬ್ಯಾಡ ಅಂದದ್ದು ಬ್ಯಾಡ."

ಮಾತಿಗೆ ತಪ್ಪಲಿಲ್ಲ. ಗರಗಸ ಎಲ್ಲಾದರೂ ಗಂಟಿಗೆ ತಡೆದರೆ ನಾನು ಕೂಗುತ್ತಿದ್ದೆ, ಆ ಹಲಗೆ ಪಕ್ಕಕ್ಕೆ ಹೋಗುತ್ತಿತ್ತು. ಎಷ್ಟೋ ಒಳ್ಳೆಯ ಮರ ಒಲೆಗೆ ಹೋಯಿತು. ಉಳಿದ ಹಲಗೆಗಳನ್ನು ಈ ಸಲ ಜೋಳದ ದಂಟಿನ ಸಿಪ್ಪೆ ನುಗ್ಗುವಷ್ಟು ಸಂದು ಬಿಟ್ಟು ಜೋಡಿಸಿದರು. ನಾನು ಹತ್ತಿಯನ್ನು ಬತ್ತಿ ಹೊಸೆದು, ರಾಳ ಕರಗಿಸಿದ ಅಗಸೆ ಎಣ್ಣೆಯಲ್ಲಿ ಅದ್ದಿ ಆ ಸಂದುಗಳಿಗೆ ತುಂಬಿದೆ. ದೀಪದ ಬತ್ತಿ ಹೊಸೆಯುವ ಕೈ, ಅದೇನು ಹೊಸದಲ್ಲ. ಮತ್ತೆ ಊರ ಕೆರೆಯಲ್ಲಿ ನೆನೆಹಾಕಿದೆವು. ನಾನು ಅಲ್ಲೇ ಕೂತು ಕಿವಿಕೊಟ್ಟೆ. ಟಪ್ ಅನ್ನಲಿಲ್ಲ. ಕೇಳದಿದ್ದರೂ ಕೇಳಿದ ಹಾಗೆ ಆಗುತ್ತಿತ್ತು, ಅದು ಬೇರೆ ಮಾತು.

ಆಷಾಢದ ಗಾಳಿ ಶುರುವಾಗಿತ್ತು. ಕೆರೆಯಿಂದ ಎತ್ತಿ ಒಣಗಿಸಿದ ದೋಣಿ ಮಾರಿಕಣಿವೆಯ ದಡಕ್ಕೆ ಹೋಯಿತು. ಬೆಸ್ತರೆಲ್ಲ ಸೇರಿದ್ದರು, ಮೊದಲ ದೋಣಿ ಒಡೆದ ಸುದ್ದಿ ಅವರಿಗೆ ತಲುಪಿತ್ತು. ನೀರು ಕಪ್ಪಗೆ, ಉದ್ದಕ್ಕೂ ಸುಕ್ಕುಗಟ್ಟಿಕೊಂಡು ಬರುತ್ತಿತ್ತು. ಹಿರಿಯ ಹಾಯಿ ಕಟ್ಟಿ, "ಎಲ್ಲಿ, ನಿಮ್ಮನೆ ಮಗು?" ಅಂದ.

ಅಷ್ಟು ದಿನ ಮಾತು ಬಿಟ್ಟಿದ್ದ ಮಾವನವರು ಮುಂದೆ ಬಂದರು. ಮಗಳನ್ನು ಎತ್ತಿಕೊಂಡರು, ಆದರೆ ಕೆಳಗಿಳಿಸಲಿಲ್ಲ. ಎದೆಗೆ ಅವುಚಿಕೊಂಡು, "ಮಗು ಬ್ಯಾಡ" ಅಂದರು. "ಪದ್ಧತಿ ಗಾಡಿಗೆ ಇರ್ಲಿ. ಇದಕ್ಕೆ ಬ್ಯಾಡ."

ಹಿಂದೆ ಯಾರೋ, "ಅಪ್ಪನಿಗೇ ಮಗನ ಕೆಲಸದ ಮ್ಯಾಲೆ ನಂಬಿಕೆ ಇಲ್ಲ, ನಡೀರ್ಲೇ ಹೋಗಾಣ" ಅಂದರು. ಹಿರಿಯ ಹಾಯಿಯ ಗಂಟು ಬಿಚ್ಚಲು ಕೈ ಹಾಕಿದ. ಯಜಮಾನರು ಯಾರನ್ನೂ ನೋಡಲಿಲ್ಲ. ದೋಣಿಯ ಅಂಚು ಹಿಡಿದುಕೊಂಡು ನಿಂತಿದ್ದರು, ಅಷ್ಟೇ.

ತಿಂಗಳುಗಟ್ಟಲೆ ನಾನು ದೇವರಲ್ಲಿ ಬೇಡಿಕೊಂಡದ್ದು ಇದೇ ಮಾತನ್ನು. ಮಗು ಬೇಡ ಅಂತ ಯಾರಾದರೂ ಅನ್ನಲಿ ಅಂತ. ಈಗ ಅಂದರು, ನನಗೆ ಸಮಾಧಾನವಾಗಲಿಲ್ಲ. ಆ ದೋಣಿಯ ಒಂದೊಂದು ಹಲಗೆಯೂ ನನ್ನ ಕೈಗೆ ಗೊತ್ತಿತ್ತು. ಎಡಗಡೆಯ ಮೂರನೆಯದು ಸಲೀಸಾಗಿ ಬಂದದ್ದು, ಬೆನ್ನುಮರದ ಪಕ್ಕದ್ದು ಮಳೆ ಹನಿಯುವಾಗ ಎಳೆದದ್ದು. ನಾನು ಬೇಡ ಅಂದದ್ದು ಒಂದೂ ಅಲ್ಲಿರಲಿಲ್ಲ.

"ಕೊಡಿ ಮಾವ" ಅಂದೆ.

"ತಾಯಿ, ಇದು ಗಾಡಿ ಅಲ್ಲಮ್ಮ."

"ಗೊತ್ತು. ಕೆಳಗೆ ನಿಂತು ಎಳೆದೋಳು ನಾನು. ಮಗು ಜೊತೆ ನಾನೂ ಕೂರ್ತೀನಿ."

ಅವರ ತೋಳಿನಿಂದ ಮಗಳನ್ನು ಬಿಡಿಸಿಕೊಳ್ಳಬೇಕಾಯಿತು. ಹೆಂಗಸು ಹತ್ತುವುದೇ ಅಂತ ಯಾರೋ ಗೊಣಗಿದರು, ಹಿರಿಯ, "ಸುಮ್ನಿರ್ರಲೇ" ಅಂದ. ಹತ್ತಿ ಕೂತೆ. ಗಾಳಿ ಹಾಯಿಗೆ ಬಡಿದ ಏಟಿಗೆ ದೋಣಿ ಒಂದು ಮಗ್ಗುಲಿಗೆ ವಾಲಿತು, ದಡ ಸರ್ರನೆ ಹಿಂದಕ್ಕೆ ಹೋಯಿತು. ಕಾಲ ಬಳಿ ಒಂದು ಸಂದಿನಿಂದ ನೀರು ಕಣ್ಣು ಬಿಟ್ಟಿತು. ಅಂಗೈ ಒತ್ತಿ ಹಿಡಿದುಕೊಂಡೆ. ಕೈಯಡಿಯಲ್ಲಿ ಹಲಗೆ ನಡುಗುತ್ತಿತ್ತು. ಅದರ ಕೆಳಗೆ ನೀರು ಓಡುವುದು ಚರ್ಮಕ್ಕೇ ತಿಳಿಯುತ್ತಿತ್ತು. ಕಿರುಬೆರಳ ದಪ್ಪ, ಅಷ್ಟೇ. ಮಗಳು ಕೂಗಿದಳು. ಹೆದರಿ ಕೂಗಿದಳು ಅಂದುಕೊಂಡೆ, ನೋಡಿದರೆ ನಗು! "ಅವ್ವಾ, ಎತ್ತು ಇಲ್ದೆ ಹೋಗ್ತೈತೆ! ಅವ್ವಾ, ಇನ್ನೂ ಜೋರಾಗಿ!"

ಹಿರಿಯ ಹಾಯಿ ತಿರುಗಿಸಿ ದಡದ ಕಡೆ ಬಂದಾಗ ಕೈ ಎತ್ತಿ ನೋಡಿದೆ. ಹತ್ತಿಯೂ ಮರವೂ ಕುಡಿದು ಊದಿ ಸಂದು ತಾನೇ ಮುಚ್ಚಿಕೊಂಡಿತ್ತು.

ಇಳಿದವಳು ಕೆಸರಿನಲ್ಲೇ ಕೂತುಬಿಟ್ಟೆ. ನನ್ನ ಪಕ್ಕದಲ್ಲೇ ಇಬ್ಬರು ಬೆಸ್ತರು ದೋಣಿಯನ್ನು ಹೆಗಲಿಗೇರಿಸಿಕೊಂಡು, ಕಾಲು ಹುಗಿಯದಂತೆ ಕೆಸರು ದಾಟಿ ನಡೆದರು. ಮಾವನವರು ಅವರ ಹಿಂದೆಯೇ ಹೋಗಿ, ದೋಣಿಯ ತಳವನ್ನು ಬಗ್ಗಿ ಬಗ್ಗಿ ನೋಡುತ್ತಾ, "ಸಂದು ಸ್ವಲ್ಪ ಜಾಸ್ತಿ ಬಿಟ್ಟಾನೆ" ಅಂತ ಗೊಣಗುತ್ತಿದ್ದರು. ಅವರ ಮೈಗೆ ಮತ್ತೆ ಉಸಿರು ಬಂದಿತ್ತು.

ಆಮೇಲೆ ಇನ್ನಷ್ಟು ದೋಣಿ ಕಟ್ಟಿದೆವು, ಆ ಮಾತು ಬೇರೆ. ಆ ಮೊದಲ ದೋಣಿ ಹಳತಾದಾಗ ಬೆಸ್ತರ ಹಿರಿಯನ ಮಕ್ಕಳು ಕಳಚಿ ಮಾರಲಿದ್ದರು. ಯಜಮಾನರು ಹೋಗಿ ಹಲಗೆಗಳನ್ನು ತಂದು ಅಟ್ಟಕ್ಕೇರಿಸಿದರು. ಮಗಳು ಬಸುರಿಯಾದ ಸುದ್ದಿ ಬಂದ ದಿನ ಏಣಿ ಹಾಕಿದರು.

ಈಗ ನಾನು ಇದನ್ನು ಬರೆಯುತ್ತಿರುವಾಗಲೇ ಮೊಮ್ಮಗಳು ತೊಟ್ಟಿಲನ್ನು ಒದ್ದೆ ಮಾಡಿಕೊಂಡು ರಾಗ ತೆಗೆದಿದ್ದಾಳೆ. ಬೀಗಿತ್ತಿ ಗಾಬರಿಯಾಗಿ, "ಅಯ್ಯೋ, ಹಲಗೆ ಊದ್ಕಳ್ತೈತೆ, ಒರ್ಸ್ರಿ!" ಅನ್ನುತ್ತಿದ್ದಾರೆ.

ಊದಲಿ. ಜಾಗ ಬಿಟ್ಟಿದ್ದೇವೆ.